ಕಾಡಿನ ನಡುವೆ, ಸರೋವರದ ಸುತ್ತ: ಯಾವ ಸೈಕಲ್ ಒಳ್ಳೇದು?

ನಕ್ಷೆಯಲ್ಲಿ ಸರೋವರದ ಸುತ್ತಿನ ರಸ್ತೆ ಬಹಳ ಸಾಧು ಥರ ಕಾಣುತ್ತದೆ. ನೀರು ಸಮತಟ್ಟು, ರಸ್ತೆ ಅದರ ದಂಡೆ ಹಿಡಿದೇ ಹೋಗುತ್ತದೆ, ಅಂದ ಮೇಲೆ ರಸ್ತೆಯೂ ಸಮತಟ್ಟೇ ಇರಬೇಕು ಅಲ್ವಾ? ಇರುವುದಿಲ್ಲ. ಗುಡ್ಡಗಳ ನಡುವಿನ ಸರೋವರಕ್ಕೆ ಸುತ್ತಲಿಂದ ಹಳ್ಳಗಳು ಬಂದು ಸೇರುತ್ತವೆ. ಪ್ರತಿ ಹಳ್ಳಕ್ಕೂ ರಸ್ತೆ ಇಳಿಯುತ್ತದೆ, ಒಂದು ಮೋರಿಯನ್ನೋ ಕಿರುಸೇತುವೆಯನ್ನೋ ದಾಟುತ್ತದೆ, ಮತ್ತೆ ದಿಬ್ಬ ಹತ್ತುತ್ತದೆ. ಇಂಥ 20 ತಗ್ಗುಗಳಿದ್ದು, ಒಂದೊಂದೂ ಬರೀ 25 ಮೀಟರ್ ಆಳ ಇದ್ದರೂ ಒಂದು ಸುತ್ತಿಗೆ 500 ಮೀಟರ್ ಏರಿದಂತಾಯಿತು. ದೊಡ್ಡ ಘಾಟಿ ಹತ್ತಿದವರಿಗೆ ಕೊನೆಗೆ ತುದಿ ಮುಟ್ಟಿದ ಸಮಾಧಾನವಾದರೂ ಸಿಗುತ್ತದೆ. ಇಲ್ಲಿ ಅದೂ ಇಲ್ಲ. ಹತ್ತಿದ್ದನ್ನು ಎರಡೇ ನಿಮಿಷದಲ್ಲಿ ಇಳಿದು ಕಳೆದುಕೊಂಡಿರುತ್ತೀರಿ.

ಇಂಥ ಸಂರಕ್ಷಿತ ಕಾಡಿನ ಡಾಂಬರು ರಸ್ತೆಗೆ ಯಾವ ಸೈಕಲ್ ಎಂದು ಕೇಳುವವರು ಸಾಮಾನ್ಯವಾಗಿ ನಾಲ್ಕೈದು ಹೆಸರುಗಳ ನಡುವೆ ತೂಗಾಡುತ್ತಿರುತ್ತಾರೆ. ರೇಸ್ ಮಾದರಿಯ ರೋಡ್ ಬೈಕ್, ಎಂಡ್ಯೂರೆನ್ಸ್ ರೋಡ್ ಬೈಕ್, ಗ್ರಾವೆಲ್ ಬೈಕ್, ಹೈಬ್ರಿಡ್, ಇ-ಬೈಕ್. ಮನೆಯಲ್ಲಿ ಹಳೆಯ ಎಂಟಿಬಿ (ಮೌಂಟನ್ ಬೈಕ್) ಒಂದಿದೆ, ಅದೇ ಸಾಕಾಗಲ್ವಾ ಎನ್ನುವವರೂ ಇದ್ದಾರೆ. ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಆ ಸೈಕಲ್ಲಿನ ಅತಿ ಹಗುರ ಗೇರ್, ಅಂದರೆ ತುಳಿಯಲು ಅತಿ ಸುಲಭವಾದದ್ದು, ಯಾವುದು? ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಫ್ರೇಮಿನ ತೂಕ ಮಾತ್ರ ಗ್ರಾಂ ಲೆಕ್ಕದಲ್ಲಿ ಬಾಯಿಪಾಠ ಇರುತ್ತದೆ.

ಮೊದಲು ಹಲ್ಲು ಎಣಿಸಿ

ಪೆಡಲ್ ಹತ್ತಿರ ಇರುವ ಹಲ್ಲುಚಕ್ರಗಳಲ್ಲಿ ಚಿಕ್ಕದರ ಹಲ್ಲು ಎಣಿಸಿ. ಹಿಂದಿನ ಕ್ಯಾಸೆಟ್‌ನಲ್ಲಿ, ಅಂದರೆ ಹಿಂದಿನ ಗಾಲಿಯ ಹಲ್ಲುಚಕ್ರಗಳ ಗೊಂಚಲಿನಲ್ಲಿ, ಅತಿ ದೊಡ್ಡದರ ಹಲ್ಲು ಎಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಉತ್ತರ ಚಿಕ್ಕದಾದಷ್ಟೂ ಗೇರ್ ಹಗುರ. ಮುಂದೆ 34, ಹಿಂದೆ 34 ಇದ್ದರೆ ಉತ್ತರ 1. ಅಂದರೆ ಪೆಡಲ್ ಒಂದು ಸುತ್ತು ಬಂದರೆ ಗಾಲಿಯೂ ಒಂದೇ ಸುತ್ತು. ರೋಡ್ ಬೈಕಿನ ಗಾಲಿ ಒಂದು ಸುತ್ತಿಗೆ ಸುಮಾರು 2.1 ಮೀಟರ್ ಸಾಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಏಳೂವರೆ ಕಿಲೋಮೀಟರ್ ವೇಗ. 60ಕ್ಕಿಂತ ಬಹಳ ಕೆಳಗೆ ಇಳಿದರೆ ಪ್ರತಿ ತುಳಿತವೂ ಮೆಟ್ಟಿಲು ಹತ್ತಿದಂತಾಗಿ ಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ.

ಈಗ ಇದನ್ನು ಒಂದು ದಿಬ್ಬಕ್ಕೆ ಹಚ್ಚಿ ನೋಡೋಣ. ಏರು 8 ಶೇಕಡಾ, ಅಂದರೆ 100 ಮೀಟರ್ ಮುಂದೆ ಹೋದರೆ 8 ಮೀಟರ್ ಮೇಲೆ. ನೀವು, ಸೈಕಲ್, ನೀರಿನ ಬಾಟಲಿ ಎಲ್ಲ ಸೇರಿ 80 ಕೆಜಿ. 34-34 (ಮುಂದೆ 34, ಹಿಂದೆ 34) ಗೇರಿನಲ್ಲಿ 60 ಸುತ್ತು ತುಳಿಯಲು ಸುಮಾರು 145 ವ್ಯಾಟ್ ಶಕ್ತಿ ಬೇಕು. ಹಳೆಯ ರೇಸ್ ಬೈಕುಗಳಲ್ಲಿ ಇರುತ್ತಿದ್ದ 39-25 ಗೇರಿನಲ್ಲಿ ಅದೇ 60 ಸುತ್ತು ಬೇಕೆಂದರೆ ಗಂಟೆಗೆ 12 ಕಿಲೋಮೀಟರ್ ಹತ್ತಿರ ಹೋಗಬೇಕು, ಅದಕ್ಕೆ 230 ವ್ಯಾಟ್ ಆಸುಪಾಸು. ವಾರಕ್ಕೆ ಎರಡು ಮೂರು ಸಲ ಸೈಕಲ್ ಹತ್ತುವವರಿಗೆ ಮೊದಲನೆಯದು ಬೆವರಿಳಿಸುವ ಕೆಲಸ, ಆದರೆ ಆಗುತ್ತದೆ. ಎರಡನೆಯದು ಮೊದಲ ನಾಲ್ಕು ದಿಬ್ಬಕ್ಕೆ ಹೇಗೋ ನಡೆಯುತ್ತದೆ. ಐದನೆಯದಕ್ಕೆ ಸೀಟಿನಿಂದ ಎದ್ದು ನಿಲ್ಲುತ್ತೀರಿ, ಎಂಟನೆಯದಕ್ಕೆ ಇಳಿದು ತಳ್ಳುತ್ತೀರಿ.

ಹಗುರ ಗೇರ್ ಅಂದರೆ ಮರ್ಯಾದೆಗೆ ಕಡಿಮೆ ಎಂಬ ಭಾವನೆ ಇನ್ನೂ ಕೆಲವರಲ್ಲಿದೆ. ಇದು ಹಳೇ ಕಾಯಿಲೆ. ಟೂರ್ ಡಿ ಫ್ರಾನ್ಸ್‌ನಲ್ಲೇ ಸ್ಪರ್ಧಿಗಳಿಗೆ ಡಿರೇಲರ್ ಗೇರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ವ್ಯವಸ್ಥೆ) ಬಳಸಲು ಬಿಟ್ಟಿದ್ದು 1937ರಲ್ಲಿ. ಅಲ್ಲಿಯವರೆಗೆ ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಗಾಲಿ ಬಿಚ್ಚಿ, ಮಗ್ಗುಲು ತಿರುಗಿಸಿ ಹಾಕಿ, ಇನ್ನೊಂದು ಬದಿಯ ಹಲ್ಲುಚಕ್ರಕ್ಕೆ ಚೈನು ಕೂರಿಸಿ ಹತ್ತುತ್ತಿದ್ದರು. ನಮಗೆ ಆ ಕರ್ಮ ಇಲ್ಲ. ಇರುವ ಗೇರ್ ಹಾಕಿಕೊಳ್ಳಲು ನಾಚಿಕೆ ಯಾಕೆ?

ಇನ್ನು ತೂಕ. ಮೇಲಿನ ಲೆಕ್ಕದಲ್ಲಿ, ಅಂದರೆ 8 ಶೇಕಡಾ ಏರಿನಲ್ಲಿ ಗಂಟೆಗೆ ಏಳೂವರೆ ಕಿಲೋಮೀಟರ್ ವೇಗಕ್ಕೆ, 20 ದಿಬ್ಬಗಳೂ ಸೇರಿ ಹತ್ತುವುದಕ್ಕೇ ಸುಮಾರು 50 ನಿಮಿಷ ಹಿಡಿಯುತ್ತದೆ. ಸೈಕಲ್ 2 ಕೆಜಿ ಹಗುರವಾದರೆ ಒಟ್ಟು ಭಾರದಲ್ಲಿ ಎರಡೂವರೆ ಶೇಕಡಾ ಇಳಿಯಿತು. ಉಳಿಯುವುದು ಒಂದೂಕಾಲು ನಿಮಿಷ. ಸೈಕಲ್ಲಿನಲ್ಲಿ ಅತಿ ಜಾಸ್ತಿ ಹಣ ನುಂಗುವುದು ಈ 2 ಕೆಜಿಯೇ.

ಬ್ರೇಕು, ಟೈರು, ನೆರಳು

ಒಂದು ಬೆಳಗ್ಗೆ ನಡೆದದ್ದು ಹೇಳುತ್ತೇನೆ. ರಾತ್ರಿ ಮಳೆ ಬಂದು ನಿಂತಿತ್ತು. ಬಯಲಿನಲ್ಲಿ ರಸ್ತೆ ಒಣಗಿ ಬೆಳ್ಳಗಾಗಿತ್ತು. ಆ ಧೈರ್ಯದಲ್ಲೇ ಮರಗಳ ಕೆಳಗಿನ ಇಳಿಜಾರಿಗೆ ಬಿಟ್ಟೆ. ಅಲ್ಲಿ ಒಣಗಿರಲಿಲ್ಲ. ಕೆಳಗೆ ತಿರುವು, ತಿರುವಿನಾಚೆ ಸೇತುವೆ. ಬ್ರೇಕ್ ಹಿಡಿದರೆ ಏನೂ ಆಗಲಿಲ್ಲ. ನನ್ನದು ಆಗ ರಿಮ್ ಬ್ರೇಕ್, ಗಾಲಿಯ ಅಂಚಿಗೇ (ರಿಮ್ಮಿಗೆ) ರಬ್ಬರು ಒತ್ತಿ ನಿಲ್ಲಿಸುವಂಥದ್ದು. ಒದ್ದೆ ರಿಮ್ಮಿನ ನೀರನ್ನು ರಬ್ಬರು ಒರೆಸುವಷ್ಟರಲ್ಲಿ ಗಾಲಿ ಒಂದೆರಡು ಸುತ್ತು ಹೋಗಿಬಿಟ್ಟಿರುತ್ತದೆ. ಗಾಬರಿಯಲ್ಲಿ ಇನ್ನೂ ಗಟ್ಟಿ ಹಿಡಿದೆ. ಈಗ ಒಮ್ಮೆಲೇ ಕಚ್ಚಿತು. ಹಿಂದಿನ ಗಾಲಿ ತೇವದ ಎಲೆಗಳ ಮೇಲೆ ಜರ್ರನೆ ಪಕ್ಕಕ್ಕೆ ಹೋಯಿತು. ಸೇತುವೆಯ ಕಟ್ಟೆಗೆ ಭುಜ ಕೊಟ್ಟು ನಿಂತೆ. ಅಂಗೈ ಚರ್ಮ ಸುಲಿದು, ಹ್ಯಾಂಡಲ್ ಟೇಪು ಹರಿದಿತ್ತು. ಕೆಳಗೆ ಹಳ್ಳ ತನ್ನ ಪಾಡಿಗೆ ಹರಿಯುತ್ತಿತ್ತು.

ಅಂದಿನಿಂದ ಕಾಡಿನ ರಸ್ತೆಗೆ ಡಿಸ್ಕ್ ಬ್ರೇಕ್ ಎಂಬುದು ನನ್ನ ಹಟ. ಒದ್ದೆಯಲ್ಲೂ ಅದು ಹೆಚ್ಚು ಕಮ್ಮಿ ಒಂದೇ ಥರ ಹಿಡಿಯುತ್ತದೆ. ಹೈಡ್ರಾಲಿಕ್ (ದ್ರವದ ಒತ್ತಡದ್ದು) ಆದರೆ ಎರಡು ಬೆರಳು ಸಾಕು. 20 ಇಳಿಜಾರು ಇಳಿಯುವಷ್ಟರಲ್ಲಿ ಅದರ ಬೆಲೆ ಕೈಗೆ ಗೊತ್ತಾಗುತ್ತದೆ. ಕೇಬಲ್ ಡಿಸ್ಕ್ ಅಗ್ಗ, ರಿಪೇರಿ ಸುಲಭ, ಆದರೆ ಜೋರಾಗಿ ಹಿಂಡಬೇಕು. ಮಳೆಯಿಲ್ಲದ ದಿನಗಳಲ್ಲಷ್ಟೇ ಹೋಗುತ್ತೇನೆ ಎನ್ನುವವರಿಗೆ ಅಲ್ಯೂಮಿನಿಯಂ ರಿಮ್ಮಿನ ಒಳ್ಳೆಯ ರಿಮ್ ಬ್ರೇಕೂ ನಡೆಯುತ್ತದೆ. ಕಾರ್ಬನ್ ರಿಮ್ಮಿಗೆ ರಿಮ್ ಬ್ರೇಕ್ ಇರುವ ಸೈಕಲ್ ಮಾತ್ರ ಇಂಥ ಕಡೆಗೆ ಬೇಡ. ಉದ್ದ ಇಳಿಜಾರಿನಲ್ಲಿ ಹಿಡಿದೇ ಇಳಿದರೆ ರಿಮ್ ಕಾದು ಹಾಳಾಗುವ ಅಪಾಯ ಇದೆ.

ಟೈರಿನ ಮಾತಿಗೆ ಮರಗಳೇ ಕಾರಣ. ಬೇರುಗಳು ಡಾಂಬರನ್ನು ಕೆಳಗಿಂದ ಎತ್ತಿ ಅಡ್ಡಡ್ಡ ಉಬ್ಬು ಮಾಡಿರುತ್ತವೆ. ಮೇಲೆ ಬಿಸಿಲು-ನೆರಳಿನ ಚುಕ್ಕಿಚುಕ್ಕಿ. ಆ ಚುಕ್ಕಿಗಳಲ್ಲಿ ಗುಂಡಿ ಯಾವುದು, ನೆರಳು ಯಾವುದು ಎಂದು ಕಣ್ಣಿಗೆ ಸರಿಯಾಗಿ ತಿಳಿಯುವುದಿಲ್ಲ. ಹಾಗಾಗಿ ಗುಂಡಿಗೆ ಬಿದ್ದರೂ ತಡೆದುಕೊಳ್ಳುವ ಟೈರು ಬೇಕು. 70 ಕೆಜಿ ತೂಕದವರು 25 ಮಿಲಿಮೀಟರ್ ಟೈರಿಗೆ ಹತ್ತಿರ ಹತ್ತಿರ 90 ಪಿಎಸ್ಐ ಗಾಳಿ ತುಂಬಬೇಕು, ಅದು ಕಲ್ಲಿನಂತೆ ಕುಟ್ಟುತ್ತದೆ. 32 ಮಿಲಿಮೀಟರ್ ಆದರೆ 55ರಿಂದ 60 ಸಾಕು. ನಿಧಾನವಾಗುತ್ತೆ ಎಂಬ ಹೆದರಿಕೆ ಬೇಡ. ಒರಟು ರಸ್ತೆಯಲ್ಲಿ ಗಟ್ಟಿ ಟೈರು ಪುಟಿದು ಪುಟಿದು ಶಕ್ತಿ ಕಳೆಯುತ್ತದೆ, ಅಗಲದ ಟೈರು ಉಬ್ಬನ್ನು ನುಂಗಿಕೊಂಡು ಹೋಗುತ್ತದೆ.

ಕಾಡಿನ ನಿಯಮವನ್ನು ಸೈಕಲ್ ಕೊಳ್ಳುವ ಮುಂಚೆಯೇ ನೋಡಿಕೊಳ್ಳಿ. ಗೇಟು ಎಷ್ಟಕ್ಕೆ ತೆರೆಯುತ್ತದೆ, ಡಾಂಬರು ಬಿಟ್ಟು ಕಾಲುದಾರಿಗೆ ಸೈಕಲ್ ಇಳಿಸಬಹುದಾ, ಮೋಟಾರ್ ಇರುವ ಸೈಕಲ್ಲನ್ನು ಅವರು ಸೈಕಲ್ ಅಂತ ಒಪ್ಪುತ್ತಾರಾ, ವಾಹನ ಅಂತ ತಡೆಯುತ್ತಾರಾ? ಮುಂದಿನ ಆಯ್ಕೆಗಳಲ್ಲಿ ಎರಡು ಈ ಉತ್ತರದ ಮೇಲೇ ನಿಂತಿವೆ.

ಒಂದೊಂದಾಗಿ

ರೇಸ್ ಬೈಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಈಗಿನವುಗಳಲ್ಲಿ ಮುಂದೆ 52-36 (ಎರಡು ಚಕ್ರ: ದೊಡ್ಡದು 52, ಚಿಕ್ಕದು 36), ಹಿಂದೆ 30 ಅಥವಾ 34 ಹಲ್ಲು ಸಾಮಾನ್ಯ. 36-30 ಅಂದರೆ 1.2, ಗಟ್ಟಿಗರ ಗೇರ್. ಬೆನ್ನು ಬಗ್ಗಿಸಿ ಕೂರಬೇಕು. ಹ್ಯಾಂಡಲ್ ಚುರುಕು, ಎಲೆ ಬಿದ್ದ ತಿರುವಿನಲ್ಲಿ ಅತಿ ಚುರುಕು. ವೃತ್ತಿಪರ ಸ್ಪರ್ಧೆಗಳ ಸೈಕಲ್ಲಿಗೂ 6.8 ಕೆಜಿಗಿಂತ ಕಡಿಮೆ ತೂಕ ಇರಬಾರದು ಎಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮವೇ ಇದೆ. ನಾವು ಅದರ ಹಿಂದೆ ಓಡಬೇಕಾದ್ದೇನೂ ಇಲ್ಲ. ಆಗಲೇ ಗುಂಪಿನಲ್ಲಿ ವೇಗವಾಗಿ ಓಡಿಸುವವರು, ಸಮತಟ್ಟು ರಸ್ತೆಗೂ ಇದೇ ಸೈಕಲ್ ಬೇಕೆನ್ನುವವರು ತೆಗೆದುಕೊಳ್ಳಲಿ. ಉಳಿದವರು ಮುಂದೆ ಓದಿ.

ಎಂಡ್ಯೂರೆನ್ಸ್ ರೋಡ್ ಬೈಕ್ ಅದರ ಅಣ್ಣ ಇದ್ದಂತೆ, ಸ್ವಲ್ಪ ತಾಳ್ಮೆ ಜಾಸ್ತಿ. ಹ್ಯಾಂಡಲ್ ಎತ್ತರ, ಗಾಲಿಗಳ ನಡುವಿನ ಅಂತರ ತುಸು ಉದ್ದ, ಇಳಿಜಾರಿನಲ್ಲಿ ನೇರ ನಿಲ್ಲುತ್ತದೆ. 50-34 ಮುಂದೆ, 11-34 ಹಿಂದೆ (ಅತಿ ಚಿಕ್ಕದು 11, ಅತಿ ದೊಡ್ಡದು 34), ಡಿಸ್ಕ್ ಬ್ರೇಕ್, 32 ಮಿಲಿಮೀಟರ್ ಟೈರಿಗೆ ಜಾಗ. ಬಾಗಿದ ಹ್ಯಾಂಡಲ್ ಆದ್ದರಿಂದ ಕೈ ಇಡಲು ಮೂರು ಜಾಗ. ಸುತ್ತು ಪೂರ್ತಿ ಡಾಂಬರು, ಏರು 8-10 ಶೇಕಡಾ ದಾಟುವುದಿಲ್ಲ, ಸಾಮಾನು ಹೊರುವುದಿಲ್ಲ ಎಂದಾದರೆ ನನ್ನ ಮತ ಇದಕ್ಕೇ. ಕೊರತೆ ಎಂದರೆ, ಎಲ್ಲ ಮಾದರಿಗಳಲ್ಲೂ ಮಡ್‌ಗಾರ್ಡ್, ಕ್ಯಾರಿಯರ್ ಸಿಕ್ಕಿಸಲು ತೂತುಗಳಿರುವುದಿಲ್ಲ. ಹೊದಿಕೆಯಂತೆ ಎಲೆ-ಮಣ್ಣು ಬಿದ್ದ ರಸ್ತೆಯಲ್ಲಿ ಮಡ್‌ಗಾರ್ಡ್ ಇಲ್ಲದೆ ಹೋದರೆ ಬೆನ್ನ ಮೇಲೆ ಕೆಸರಿನ ಗೆರೆ ಹೊತ್ತುಕೊಂಡೇ ಬರಬೇಕು.

ಗ್ರಾವೆಲ್ ಬೈಕಿನ ನಿಜವಾದ ಗುಣ ಮಣ್ಣು ರಸ್ತೆಯದ್ದು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದರಲ್ಲಿ ಇಷ್ಟವಾಗುವುದು ಗೇರು. ಮುಂದೆ 46-30, ಹಿಂದೆ 34 ಇದ್ದರೆ ಅತಿ ಹಗುರ ಗೇರ್ 0.88. ಮುಂದೆ ಒಂದೇ ಚಕ್ರ 40, ಹಿಂದೆ 44 ಇದ್ದರೆ 0.91. ಎಂಡ್ಯೂರೆನ್ಸ್ ಬೈಕಿನಲ್ಲಿ ಎದ್ದು ನಿಂತು ತುಳಿಯುವ ಕಡೆ ಇದರಲ್ಲಿ ಕೂತೇ ಹೋಗಬಹುದು. ಮುಂದೆ ಒಂದೇ ಚಕ್ರ ಇರುವುದರಲ್ಲಿ ಗೇರಿನಿಂದ ಗೇರಿಗೆ ನೆಗೆತ ದೊಡ್ಡದು. ಒಂದು ಗೇರ್ ಬಿಗಿ, ಪಕ್ಕದ್ದು ಸಡಿಲ ಎನ್ನಿಸುವುದುಂಟು. ಆದರೆ ತಗ್ಗಿನ ತಳದಲ್ಲಿ, ಸೇತುವೆ ದಾಟಿದ ಕೂಡಲೇ ಏರು ಶುರುವಾದಾಗ, ಮುಂದಿನ ಚೈನು ಬೀಳುವ ಚಿಂತೆಯೇ ಇರುವುದಿಲ್ಲ. 20 ಸಲ ಹೀಗೆ ಗೇರ್ ಬದಲಿಸುವವರಿಗೆ ಇದು ಸಣ್ಣ ಸುಖ ಅಲ್ಲ. ಇಳಿಜಾರಿಗೆ ಗೇರ್ ಸಾಲುವುದಿಲ್ಲ ಎನ್ನುವವರಿಗೆ: 40-11ರಲ್ಲಿ 90 ಸುತ್ತು ತುಳಿದರೆ ಗಂಟೆಗೆ 42 ಕಿಲೋಮೀಟರ್ ಹತ್ತಿರ ಹೋಗುತ್ತದೆ. ಪ್ರಾಣಿಗಳು ದಾಟುವ ರಸ್ತೆಯಲ್ಲಿ ಅದಕ್ಕಿಂತ ಜಾಸ್ತಿ ಯಾಕೆ ಬೇಕು?

ಒಂದು ಷರತ್ತು. ಅದರ ಜೊತೆ ಬರುವ 40 ಮಿಲಿಮೀಟರ್ ಮುಳ್ಳುಮುಳ್ಳಿನ ಟೈರು ಡಾಂಬರಿನ ಮೇಲೆ ಗುಂಯ್ ಎನ್ನುತ್ತಾ ನಿಧಾನ ಮಾಡುತ್ತದೆ. ತೆಗೆದು 32 ಅಥವಾ 35ರ ನುಣುಪು ಟೈರು ಹಾಕಿ. ಆಗ ಅದು ಹಗುರ ಗೇರಿನ ಎಂಡ್ಯೂರೆನ್ಸ್ ಬೈಕೇ ಆಗುತ್ತದೆ, ಕ್ಯಾರಿಯರ್ ಮಡ್‌ಗಾರ್ಡ್ ತೂತುಗಳೂ ಸಿಗುತ್ತವೆ. ಏರು 12 ಶೇಕಡಾ ದಾಟುವ ಕಡೆ, ಅಥವಾ ಚೀಲ ಕಟ್ಟಿಕೊಂಡು ಎರಡು ದಿನ ಇರುವವರಿಗೆ ಎಂಡ್ಯೂರೆನ್ಸ್‌ಗಿಂತ ಇದೇ ವಾಸಿ.

ಹೈಬ್ರಿಡ್, ಅಂದರೆ ರೋಡ್ ಬೈಕಿಗೂ ಎಂಟಿಬಿಗೂ ನಡುವಿನದ್ದು. ಅದರ ಹೆಸರು ಕೇಳಿದರೆ ಮೂಗು ಮುರಿಯುವವರು ಒಮ್ಮೆ ಹಲ್ಲು ಎಣಿಸಲಿ. ಮುಂದೆ ಮೂರು ಚಕ್ರ ಇರುವ ಸಾದಾ ಹೈಬ್ರಿಡ್‌ನಲ್ಲಿ ಚಿಕ್ಕದು 28, ಹಿಂದೆ 32 ಇದ್ದರೆ 0.875. ಅದಕ್ಕಿಂತ ಎಷ್ಟೋ ಪಟ್ಟು ದುಬಾರಿ ರೇಸ್ ಬೈಕಿಗಿಂತ ಹಗುರ ಗೇರ್! ಕಡಿಮೆ ಬಜೆಟ್ಟಿನವರಿಗೆ ಈ ರಸ್ತೆಗೆ ಇದಕ್ಕಿಂತ ಪ್ರಾಮಾಣಿಕ ಸೈಕಲ್ ಇಲ್ಲ. ತೂಕ 12ರಿಂದ 14 ಕೆಜಿ ಇರುತ್ತದೆ, ಇರಲಿ, ಲೆಕ್ಕ ಆಗಲೇ ನೋಡಿದ್ದೇವೆ. ನಿಜವಾದ ತೊಂದರೆ ಕೈಗಳದ್ದು. ನೇರ ಹ್ಯಾಂಡಲ್‌ನಲ್ಲಿ ಕೈ ಇಡಲು ಒಂದೇ ಜಾಗ. ಎರಡು ಗಂಟೆ ಆಗುವಷ್ಟರಲ್ಲಿ ಅಂಗೈ ಜೋಮು ಹಿಡಿಯುತ್ತದೆ. ಹ್ಯಾಂಡಲ್ ತುದಿಗೆ ಕೊಂಬಿನಂಥ ಬಾರ್-ಎಂಡ್ ಸಿಕ್ಕಿಸಿದರೆ ಅರ್ಧ ಕಷ್ಟ ಕಳೆಯಿತು. ಕೊಳ್ಳುವಾಗ ಮುಂದೆ ಸಸ್ಪೆನ್ಷನ್ ಇಲ್ಲದ್ದನ್ನೇ ಆರಿಸಿ. ಅಗ್ಗದ ಸಸ್ಪೆನ್ಷನ್ ದಿಬ್ಬದಲ್ಲಿ ಎದ್ದು ತುಳಿದರೆ ಮೇಲೆ ಕೆಳಗೆ ಕುಣಿಯುತ್ತದೆ, ನಿಮ್ಮ ಶಕ್ತಿಯನ್ನು ಅದೇ ತಿನ್ನುತ್ತದೆ.

ಮನೆಯ ಎಂಟಿಬಿಯನ್ನೇ ತರುವವರಿಗೆ ಗೇರಿನ ಚಿಂತೆ ಇಲ್ಲ. ಮುಂದೆ 32, ಹಿಂದೆ 51 ಇರುವ ಈಗಿನ ಎಂಟಿಬಿಯಲ್ಲಿ 0.63 ಬರುತ್ತದೆ, ಗೋಡೆಯನ್ನೂ ಹತ್ತಬಹುದು. ಸಸ್ಪೆನ್ಷನ್ ಲಾಕ್ ಮಾಡಿ, ನುಣುಪು ಟೈರು ಹಾಕಿ. ವರ್ಷಕ್ಕೆ ಒಂದೆರಡು ಸಲ ಹೋಗುವವರಿಗೆ ಸಾಕೇ ಸಾಕು. ಈ ರಸ್ತೆಗೆಂದೇ ಹೊಸದಾಗಿ ಮಾತ್ರ ಕೊಳ್ಳಬೇಡಿ. ಕಾಲುದಾರಿಗೆ ಇಳಿಸಲು ಬಿಡದ ಕಾಡಿನಲ್ಲಿ ಎಂಟಿಬಿಗೆ ಕೊಟ್ಟ ಹಣದಲ್ಲಿ ಅರ್ಧ ಸುಮ್ನೆ ಕೂತಿರುತ್ತದೆ.

ಇ-ಬೈಕ್ ವಿಷಯದಲ್ಲಿ ಬ್ಯಾಟರಿ ಅರ್ಧ ದಾರಿಯಲ್ಲಿ ಕೈ ಕೊಟ್ಟರೆ ಎಂಬುದೇ ದೊಡ್ಡ ಭಯ. ಲೆಕ್ಕ ಹಾಕೋಣ. ಸವಾರ, ಸೈಕಲ್ ಸೇರಿ 100 ಕೆಜಿ. 500 ಮೀಟರ್ ಏರಲು ಬೇಕಾದ ಕೆಲಸ ಸುಮಾರು 136 ವ್ಯಾಟ್-ಅವರ್. ಪೂರ್ತಿ ಮೋಟಾರೇ ಎತ್ತಿದರೂ ನಷ್ಟ ಸೇರಿಸಿ 180ರ ಆಸುಪಾಸು. 400 ವ್ಯಾಟ್-ಅವರ್ ಬ್ಯಾಟರಿಯಲ್ಲಿ ಒಂದು ಸುತ್ತು ಆರಾಮವಾಗಿ ಆಗುತ್ತದೆ. ಎರಡನೇ ಸುತ್ತಿಗೆ ಹೋಗುವ ಮುಂಚೆ ಯೋಚಿಸಿ. ಏಕೆಂದರೆ ಬ್ಯಾಟರಿ ಮುಗಿದ ಮೇಲೆ ತುಳಿಯಬೇಕಾದ್ದು 20 ಕೆಜಿ ಮೇಲ್ಪಟ್ಟ ಸೈಕಲ್. ಅದೇ ತೂಕ ಇಳಿಜಾರಿನಲ್ಲಿ ಹಿಂದಿನಿಂದ ನೂಕುತ್ತದೆ, ಹಾಗಾಗಿ ಬ್ರೇಕ್ ಪ್ಯಾಡ್ ಬೇಗ ಸವೆಯುತ್ತದೆ. ಮಂಡಿ ನೋವಿನವರಿಗೆ, ಗಂಡ ಹೆಂಡತಿಯಲ್ಲಿ ಒಬ್ಬರ ಕಾಲು ಗಟ್ಟಿ ಇನ್ನೊಬ್ಬರದ್ದು ಮೆದು ಎಂದಿದ್ದರೆ, ಇದು ವರ. ಒಬ್ಬರು ಪ್ರತಿ ದಿಬ್ಬದ ತುದಿಯಲ್ಲಿ ನಿಂತು ಕಾಯುವುದು, ಇನ್ನೊಬ್ಬರು ಏದುಸಿರು ಬಿಡುತ್ತಾ ಬಂದು ಮುಖ ಗಂಟು ಹಾಕಿಕೊಳ್ಳುವುದು ತಪ್ಪುತ್ತದೆ. ಕಾಡಿನ ಗೇಟಿನಲ್ಲಿ ಒಳಗೆ ಬಿಟ್ಟರೆ ಮಾತ್ರ.

ಹಣ ಎಲ್ಲಿ ಹಾಕುವುದು

ಈಗಾಗಲೇ ರೋಡ್ ಬೈಕ್ ಇರುವವರು ಹೊಸದನ್ನು ನೋಡುವ ಮುಂಚೆ ಕ್ಯಾಸೆಟ್ ಬದಲಿಸುವ ದಾರಿ ನೋಡಿ. 11-28 ತೆಗೆದು 11-34 ಹಾಕಿದರೆ ಮುಂದೆ 34 ಇರುವ ಸೈಕಲ್ಲಿನ ಅತಿ ಹಗುರ ಗೇರ್ 1.21ರಿಂದ 1ಕ್ಕೆ ಇಳಿಯುತ್ತದೆ. ಚೈನು ತುಸು ಉದ್ದದ್ದು ಬೇಕಾಗುತ್ತದೆ. ಹಿಂದಿನ ಡಿರೇಲರ್ 34 ಹಲ್ಲು ತಡೆದುಕೊಳ್ಳುತ್ತದಾ ಎಂದು ಅದರ ಮಾದರಿ ನೋಡಿ ಖಚಿತ ಮಾಡಿಕೊಳ್ಳಿ. ಗಿಡ್ಡ ಕೇಜಿನವು (ಚೈನು ಬಿಗಿಯಾಗಿ ಹಿಡಿಯುವ ಕೆಳಗಿನ ತೋಳು ಗಿಡ್ಡ ಇರುವಂಥವು) ಹೆಚ್ಚಾಗಿ 28-30ಕ್ಕೇ ನಿಲ್ಲುತ್ತವೆ. ಅದರ ನಂತರ ಬ್ರೇಕ್ ಪ್ಯಾಡ್, ಆಮೇಲೆ ಫ್ರೇಮಿನಲ್ಲಿ ಹಿಡಿಸುವಷ್ಟು ಅಗಲದ ಟೈರು. ಇಷ್ಟಕ್ಕೆ ಆಗುವ ಖರ್ಚು ಹೊಸ ಸೈಕಲ್ಲಿನ ಬೆಲೆಯಲ್ಲಿ ಸಣ್ಣ ಪಾಲು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಜೇಬಿನಲ್ಲಿ ಒಂದು ಅಳತೆಪಟ್ಟಿ ಇಟ್ಟುಕೊಳ್ಳಿ. ಚೈನಿನ 24 ಕೊಂಡಿ, ಪಿನ್ನಿನಿಂದ ಪಿನ್ನಿಗೆ, ಸರಿಯಾಗಿ 12 ಇಂಚು ಇರಬೇಕು. ಒಂದು ಇಂಚಿನ ಹದಿನಾರನೇ ಒಂದು ಭಾಗ ಜಾಸ್ತಿ ಇದ್ದರೆ ಚೈನು ಸವೆದಿದೆ. ಎಂಟನೇ ಒಂದು ಭಾಗ ಜಾಸ್ತಿ ಇದ್ದರೆ ಕ್ಯಾಸೆಟ್ಟೂ ಹೋಗಿರುತ್ತದೆ, ಅದರ ಬೆಲೆ ಕಳೆದೇ ಮಾತಾಡಿ. ರಿಮ್ ಬ್ರೇಕಿನದ್ದಾದರೆ ರಿಮ್ಮಿನ ಬದಿಗೆ ಪಟ್ಟಿಯ ಅಂಚು ನೇರ ಇಟ್ಟು ನೋಡಿ. ನಡುವೆ ಬೆಳಕು ಕಂಡರೆ ಅದು ಸವೆದು ಗುಳಿ ಬಿದ್ದಿದೆ ಎಂದರ್ಥ.

ಇನ್ನೊಂದು ಆಯ್ಕೆಗೆ ದುಡ್ಡೇ ಬೇಡ: ಯಾವ ಕಡೆಯಿಂದ ಸುತ್ತುವುದು? ವಾಹನಗಳು ಎಡಗಡೆ ಹೋಗುವ ದೇಶದಲ್ಲಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತಿದರೆ ನೀರು ನಿಮ್ಮ ಎಡಕ್ಕೇ, ಪಕ್ಕದಲ್ಲೇ ಇರುತ್ತದೆ. ನೋಟ ಚೆಂದ, ನಿಲ್ಲಬೇಕೆಂದರೆ ರಸ್ತೆ ದಾಟಬೇಕಿಲ್ಲ. ಬಲಗಡೆ ಹೋಗುವ ದೇಶದಲ್ಲಿ ಇದರ ತಿರುಗುಮುರುಗು. ಆದರೆ ನೀರಿನ ಕಡೆ ತಡೆಗೋಡೆ ಇಲ್ಲದಿದ್ದರೆ ನಾನು ಗುಡ್ಡದ ಮಗ್ಗುಲನ್ನೇ ಆರಿಸುತ್ತೇನೆ. ಹೊತ್ತೇರಿದ ಮೇಲೆ ನೆಲ ಕಾದು ನೀರಿನ ಕಡೆಯಿಂದ ದಂಡೆಗೆ ಗಾಳಿ ಬೀಸಲು ಶುರುವಾಗುತ್ತದೆ. ಬಯಲಾದ ದಂಡೆಯನ್ನು ಬೆಳಗ್ಗೆಯೇ ಮುಗಿಸಿ, ಮರಗಳಿರುವ ಭಾಗವನ್ನು ಆಮೇಲಕ್ಕೆ ಉಳಿಸಿಕೊಂಡರೆ ಒಳ್ಳೇದು. ಅಷ್ಟರಲ್ಲಿ ನೆರಳಿನ ಕೆಳಗಿನ ತೇವವೂ ಒಂದಿಷ್ಟು ಆರಿರುತ್ತದೆ.

ಇನ್ನೂ ಮನಸ್ಸು ಗಟ್ಟಿಯಾಗದಿದ್ದರೆ ಕೊಳ್ಳುವ ಮುಂಚೆ ಒಂದು ಸೈಕಲ್ ಎರವಲು ತನ್ನಿ. ನಿಮಗೆ ಗೊತ್ತಿರುವ ದಿಬ್ಬಕ್ಕೆ ಹೋಗಿ, ಅತಿ ಹಗುರ ಗೇರ್ ಹಾಕಿ, ಸೀಟಿನಿಂದ ಏಳದೆ ಐದು ಸಲ ಹತ್ತಿ ಇಳಿಯಿರಿ. ಐದನೇ ಸಲ ಹತ್ತುವಾಗ ಜೊತೆಯವರಿಗೆ ಎರಡು ವಾಕ್ಯ ಪೂರ್ತಿ ಹೇಳಿ ನೋಡಿ. ಉಸಿರು ತುಂಡಾಗದೆ ಹೇಳಿದಿರಾದರೆ ಆ ಗೇರ್ ನಿಮಗೆ ಸಾಕು. ಮಾತು ನಡುವೆಯೇ ನಿಂತರೆ ದೊಡ್ಡ ಚಕ್ರದಲ್ಲಿ ಇನ್ನೂ ನಾಲ್ಕು ಹಲ್ಲು ಜಾಸ್ತಿ ಇರುವ ಕ್ಯಾಸೆಟ್ ಕೇಳಿ.